ಎಂಬತ್ತು ನಿಮಿಷದ ಸಾಲು

ಧ್ವನಿವರ್ಧಕ ಎರಡನೇ ಸಲ ಕೂಗಿತು.

"ಹಳದಿ ಫ್ರಾಕ್ ಹಾಕಿಕೊಂಡಿರುವ ಇಂಚರಾ ಎಂಬ ಆರು ವರ್ಷದ ಹುಡುಗಿ ಕಾಣೆಯಾಗಿದ್ದಾಳೆ. ಕಂಡವರು ಕೂಡಲೇ ಹತ್ತಿರದ ಸಿಬ್ಬಂದಿಗೆ ತಿಳಿಸಬೇಕು..."

ಸಿದ್ದಲಿಂಗನ ಕೈಯಲ್ಲಿದ್ದ ಅಳತೆ ಕೋಲು ಅಲ್ಲೇ ನಿಂತಿತು.

ಮೊದಲ ಸಲ ಕೂಗಿದಾಗ ಅವನು ಕಿವಿಗೊಟ್ಟಿರಲಿಲ್ಲ. ಮೇ ತಿಂಗಳ ಭಾನುವಾರ. ಚಿಕ್ಕಜಾಲದ ಆಚೆಗಿನ ಈ 'ಮಿಂಚುಲೋಕ' ಮನರಂಜನಾ ಪಾರ್ಕಿನಲ್ಲಿ ಅಂಥ ದಿನ ನಾಲ್ಕೈದು ಮಕ್ಕಳು ತಪ್ಪಿಸಿಕೊಳ್ಳುವುದು, ಹತ್ತು ನಿಮಿಷಕ್ಕೆಲ್ಲ ಐಸ್‌ಕ್ರೀಮ್ ಅಂಗಡಿಯ ಮುಂದೆ ಸಿಕ್ಕುವುದು ಮಾಮೂಲು. ಆದರೆ ಹಳದಿ ಫ್ರಾಕ್? ಇಂಚರಾ?

ಅವನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಚಿಟ್ಟೆಯಾಕಾರದ ತಲೆಕ್ಲಿಪ್ಪು ಅಲ್ಲೇ ಇತ್ತು.

ಒಂದೂವರೆಯ ಹೊತ್ತಿಗೆ ಆ ಹುಡುಗಿ ಅವನ ಮುಂದೆ ಎದೆಯುಬ್ಬಿಸಿ ನಿಂತಿದ್ದಳು. ಪಾರ್ಕಿನ ದೊಡ್ಡ ರೈಡು 'ಗರುಡ' ಹತ್ತಲು ನೂರಿಪ್ಪತ್ತು ಸೆಂಟಿಮೀಟರ್ ಎತ್ತರ ಬೇಕು. ಸಾಲಿನ ಬಾಯಲ್ಲಿ ನಿಂತು ಮಕ್ಕಳನ್ನು ಅಳೆಯುವುದೇ ಸಿದ್ದಲಿಂಗನ ಕೆಲಸ. ಬಾದಾಮಿ ಕಡೆಯಿಂದ ಬಂದು ಮೂರು ವರ್ಷವಾಗಿತ್ತು. ಮೂವತ್ತನಾಲ್ಕರ ವಯಸ್ಸು, ಚಿಕ್ಕಬಾಣಾವರದಲ್ಲಿ ಬಾಡಿಗೆ ಮನೆ, ಹೆಂಡತಿ, ಮಗಳು.

"ಅಂಕಲ್, ಕ್ಲಿಪ್ಪೂ ಸೇರ್ಸಿ ಅಳೀರಿ," ಎಂದಿದ್ದಳು ಇಂಚರಾ.

"ಹಂಗಾದ್ರ ಕ್ಲಿಪ್ಪೊಂದನ್ನ ಮ್ಯಾಲೆ ಕಳಸ್ತೀನವ್ವಾ. ನೀ ಮುಂದಿನ ವರ್ಷ ಬಾ."

ಕ್ಲಿಪ್ಪು ತೆಗೆಸಿ ಅಳೆದರೆ ನೂರಾ ಹನ್ನೆರಡು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅವನು ಮಂಡಿಯೂರಿ ಕುಳಿತು ಅವಳ ಕೈ ಹಿಡಿದು ಏನೇನೋ ಸಮಾಧಾನ ಹೇಳಿದ. ಅಷ್ಟರಲ್ಲಿ ತಾಯಿ ಕರೆದಳು, ಹುಡುಗಿ ಓಡಿದಳು. ಕ್ಲಿಪ್ಪು ಅವನ ಕೈಯಲ್ಲೇ ಉಳಿಯಿತು. ಹಿಂದಿರುಗುವಾಗ ಕೊಟ್ಟರಾಯಿತೆಂದು ಜೇಬಿಗಿಳಿಸಿದ್ದ.

ಅವಳ ಸೋದರಮಾವ ಮಾತ್ರ ಹತ್ತು ನಿಮಿಷದ ಮೇಲೆ ಒಬ್ಬನೇ ಬಂದಿದ್ದ. ನೀಟಾಗಿ ತಲೆ ಬಾಚಿದ ಮೂವತ್ತರ ಗಂಡಸು. ಕೈಯಲ್ಲಿ ಫಾಸ್ಟ್ ಬ್ಯಾಂಡ್ ಇತ್ತು. ಆ ಪಟ್ಟಿಯಿದ್ದವರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಯಂತ್ರಕ್ಕೆ ತೋರಿಸಿದರೆ ಇಂಥ ಹೊತ್ತಿಗೆ ಬನ್ನಿ ಎಂದು ಸಮಯ ಕೊಡುತ್ತದೆ; ಆ ಹೊತ್ತಿಗೆ ಬಂದು ಪಕ್ಕದ ನೀಲಿ ಕಮಾನಿನಡಿ ತೂರಿದರೆ ನೇರ ಮೇಲಕ್ಕೆ. ಆದರೆ ಒಂದು ಪಟ್ಟಿಗೆ ಮೂರೇ ಸಲ.

"ನಂದು ಮೂರೂ ಬೆಳಿಗ್ಗೇನೇ ಮುಗಿದೋಯ್ತು ಗುರು. ಇನ್ನು ಎಲ್ಲಾರ ಥರ ನಿಲ್ಲೋದೇ," ಎಂದು ನಗುತ್ತ ಬೋರ್ಡು ನೋಡಿದ್ದ. ಕೆಂಪು ಅಂಕಿಯಲ್ಲಿ 'ಕಾಯುವ ಸಮಯ ಎಂಬತ್ತು ನಿಮಿಷ' ಎಂದಿತ್ತು. "ಎಂಬತ್ತಾ? ಆಗ್ಲಿ." ಅವನು ಸಾಲಿಗೆ ಸೇರಿಕೊಂಡ. ಅವನ ಬೆನ್ನಿಗೇ ಎಂಟು ಕಾಲೇಜು ಹುಡುಗರು ನುಗ್ಗಿದರು. ಎಂಟೂ ಜನಕ್ಕೆ ಒಂದೇ ಕೆಂಪು ಟೀ ಶರ್ಟು, ಬಾಯಿ ಬಿಟ್ಟರೆ ಮಗಾ, ಮಚ್ಚಾ.

ಈಗ ಎರಡೂ ಮುಕ್ಕಾಲು.

ಸಿದ್ದಲಿಂಗ ಜೊತೆಯವನಿಗೆ ಕೋಲು ಕೊಟ್ಟು ಆಫೀಸಿನ ಕಡೆ ಓಡಿದ.

*

ಆಫೀಸಿನಲ್ಲಿ ಮ್ಯಾನೇಜರ್ ಮೊಯಿನುದ್ದೀನ್ ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡುತ್ತಿದ್ದರು. ಗೋಡೆಗೆ ಒರಗಿ ಹುಡುಗಿಯ ತಾಯಿ ಚಿತ್ರಾ ನಿಂತಿದ್ದಳು. ಒದ್ದೆ ಟವಲೊಂದನ್ನು ಎದೆಗೆ ಅವುಚಿಕೊಂಡಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ತಾಯಿ ಅಲಮೇಲಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು.

"ನೀರಾಟದ ಜಾಗದಲ್ಲಿ ಆಡ್ತಿದ್ಲು ಸಾರ್. ಅಮ್ಮ ಮರದ ಕೆಳಗೆ ಕೂತಿದ್ರು. ಅಮ್ಮಂಗೆ ಮೊಸರನ್ನದ ಡಬ್ಬಿ ಕೊಟ್ಟು ತಿರುಗಿದೀನಿ, ಅಷ್ಟೇ. ಎರಡು ಹತ್ತು. ಎರಡು ನಿಮಿಷ ಆಗಿರ್ಲಿಲ್ಲ..." ಚಿತ್ರಾ ಅದನ್ನೇ ಎಷ್ಟನೇ ಸಲವೋ ಹೇಳುತ್ತಿದ್ದಳು.

ಸಿದ್ದಲಿಂಗ ಮುಂದೆ ಬಂದು ಅಂಗೈ ಬಿಚ್ಚಿದ. "ಸರ್, ಈ ಹುಡುಗಿನ್ನ ನಾ ನೋಡೇನ್ರೀ. ಇದು ಆಕಿದ ಕ್ಲಿಪ್ರೀ."



ಚಿತ್ರಾ ಕ್ಲಿಪ್ಪನ್ನು ಕಿತ್ತುಕೊಂಡಳು. "ಇದು ನಿನ್ನ ಹತ್ರ ಹೇಗೆ ಬಂತು? ಎಲ್ಲಿ ನನ್ನ ಮಗು? ಎಲ್ಲಿ?"

ಹೇಳಲು ಬಾಯಿ ತೆರೆದಾಗಲೇ ಅವನಿಗೆ ಅರ್ಥವಾದದ್ದು. ತಾನು ನೆರವಾಗಲೆಂದು ಓಡಿ ಬಂದದ್ದೇನೋ ಹೌದು; ಆದರೆ ಬೋನಿಗೆ ತಾನೇ ಕಾಲಿಟ್ಟಾಗಿತ್ತು.

ಮೊಯಿನುದ್ದೀನ್ ಕ್ಯಾಮೆರಾದ ಚಿತ್ರ ತಿರುಗಿಸಿದರು. ಮಂಡಿಯೂರಿದ ಗಂಡಸು, ಅಳುವ ಹುಡುಗಿ, ಅವಳ ಕೈ ಹಿಡಿದ ಅವನ ಕೈ. ಧ್ವನಿಯಿಲ್ಲದೆ ನೋಡಿದಾಗ ತನ್ನ ಮುಖ ತನಗೇ ಬೇರೆ ಯಾರದ್ದೋ ಅನ್ನಿಸಿತು.

"ಎರಡು ಐದರಿಂದ ಎರಡು ಇಪ್ಪತ್ತೈದರ ತನಕ ಎಲ್ಲಿದ್ದೆ?"

"ಊಟಕ್ರೀ."

"ಕ್ಯಾಂಟೀನಲ್ಲಿ ನಿನ್ನ ಹೆಸರಿಲ್ಲ."

"ಮನಿಯಿಂದ ರೊಟ್ಟಿ ತಂದಿದ್ದೆರೀ. ಜನರೇಟರ್ ಹಿಂದ ನೆರಳಾಗ ಕುಂತು ತಿಂದೆ."

"ಯಾರು ನೋಡಿದ್ರು?"

ಸಿದ್ದಲಿಂಗ ತಲೆ ತಗ್ಗಿಸಿದ. "ಯಾರೂ ಇಲ್ರೀ."

ಮೂರು ಹತ್ತಕ್ಕೆ ಬಾಗಿಲು ದಡಾರನೆ ತೆರೆಯಿತು. ಸೋದರಮಾವ ಶ್ರೀಕಾಂತ್. ತಲೆಕೂದಲು ಕೆದರಿತ್ತು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಗರುಡ ಹತ್ತಿದವರಿಗೆ ಪಾರ್ಕಿನವರು ತೆಗೆದು ಮಾರುವ ರಟ್ಟಿನ ಚೌಕಟ್ಟಿನ ಫೋಟೋ.

"ಅಕ್ಕಾ, ಏನಾಯ್ತೇ? ಮೊಬೈಲ್ ಲಾಕರಲ್ಲಿತ್ತು. ಈಗ ಕೆಳಗಿಳಿದು ನೋಡಿದ್ರೆ ನಿಂದು ಇಪ್ಪತ್ಮೂರು ಕಾಲ್! ಇಷ್ಟೊತ್ತೂ ಆ ದರಿದ್ರ ಸಾಲಲ್ಲಿ ನಿಂತಿದ್ದೆ ಕಣೇ..." ಮಾತು ಅರ್ಧಕ್ಕೆ ನಿಂತಿತು. ಮೇಜಿನ ಮೇಲಿನ ಕ್ಲಿಪ್ಪನ್ನೂ, ಮೂಲೆಯಲ್ಲಿ ನಿಂತ ಸಿದ್ದಲಿಂಗನನ್ನೂ ನೋಡಿದ. "ಇವನಾ?"

ಯಾರೂ ತಡೆಯುವ ಮೊದಲೇ ಹೊಡೆತ ಬಿತ್ತು. ಕೆನ್ನೆಗೆ ಒಂದು, ಕಿವಿಗೆ ಒಂದು. ಸಿದ್ದಲಿಂಗ ಬೀರುವಿಗೆ ಬಡಿದು ಕುಸಿದ. ಬಾಯಿಗೆ ಉಪ್ಪುಪ್ಪು ರುಚಿ ಬಂತು. ಫೋಟೋ ಅವನ ಕಾಲ ಬಳಿಯೇ ಬಿದ್ದಿತ್ತು—ಗರುಡನ ಕೊಕ್ಕಿನ ಹಿಂದೆಯೇ ಕುಳಿತು ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ಕೂಗುತ್ತಿರುವ ಶ್ರೀಕಾಂತ್. ಕೆಳಗೆ ಅಚ್ಚಾಗಿದ್ದ ಸಮಯ ಮೂರು ಗಂಟೆ ಎರಡು ನಿಮಿಷ.

"ಕೈ ಮಾಡ್ಬೇಡಿ ಸಾರ್, ಪೊಲೀಸ್ ಬರ್ತಿದ್ದಾರೆ," ಎಂದು ಮೊಯಿನುದ್ದೀನ್ ನಡುವೆ ಬಂದರು.

"ಬರ್ಲಿ! ಆದ್ರೆ ಅಷ್ಟರೊಳಗೆ ಇವನ ಬಾಯಿ ಬಿಡ್ಸಿ!"

*

ಬಂದ ಸಬ್ ಇನ್‌ಸ್ಪೆಕ್ಟರ್ ಹೆಣ್ಣುಮಗಳು. ಹೆಸರು ಪ್ರತಿಭಾ. ಕುಳ್ಳು, ಕಪ್ಪು, ನಿಧಾನ. ಜೊತೆಗೆ ಬ್ಯಾಟರಾಯಪ್ಪ ಎಂಬ ಹಳೆಯ ಪೇದೆ. ಅವರು ಬಂದವರೇ ಯಾರನ್ನೂ ಗದರಲಿಲ್ಲ. ಹೊರಹೋಗುವ ಗೇಟಿನ ಕ್ಯಾಮೆರಾದಲ್ಲಿ ಎರಡರಿಂದ ಮೂರರವರೆಗೆ ಹೋದವರನ್ನು ನೋಡಿದರು. ಹಳದಿ ಫ್ರಾಕ್ ಇರಲಿಲ್ಲ. ದೊಡ್ಡವರು, ಮಕ್ಕಳು, ಕೈಗೂಸುಗಳು. ನೀರಿನ ರೈಡುಗಳಿಗೆಂದು ಪಾರ್ಕಿನಲ್ಲೇ ಮಾರುವ ನೀಲಿ ರೇನ್‌ಕೋಟು ತೊಟ್ಟ ಮಕ್ಕಳೇ ಐವತ್ತು ಅರವತ್ತು ಇದ್ದರು. ಟೊಪ್ಪಿಗೆಯೊಳಗೆ ಮುಖ ಕಾಣುತ್ತಿರಲಿಲ್ಲ.

"ಮಗು ಹಟಮಾರಿನಾ?" ಎಂದು ಚಿತ್ರಾಳನ್ನು ಕೇಳಿದರು.

"ಅಪರಿಚಿತರು ಮುಟ್ಟಿದ್ರೆ ಊರು ಒಂದು ಮಾಡ್ತಾಳೆ ಮೇಡಂ."

"ನೀರಾಟದ ಹತ್ರ ಆಗ ಎಷ್ಟು ಜನ ಇದ್ರು?"

"ಇನ್ನೂರು ಇರ್ಬೋದು."

"ಯಾರಿಗೂ ಅಳು ಕೇಳಿಲ್ಲ." ಪ್ರತಿಭಾ ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ. "ಮಗುವಿನ ತಂದೆ?"

ಚಿತ್ರಾಳ ಬೆರಳುಗಳು ಟವಲಿನ ಅಂಚನ್ನು ಸುತ್ತತೊಡಗಿದವು. "ಜಯಂತ್. ಮಸ್ಕತ್‌ನಲ್ಲಿದ್ದಾರೆ. ಎರಡು ವರ್ಷದ ಹಿಂದೆ ಬಿಟ್ಟು ಬಂದೆ. ಮನೆ ಬೀಗದ ಕೈ ಅವರ ಜೇಬಲ್ಲೇ ಇರ್ತಿತ್ತು ಮೇಡಂ. ಅವರು ಬಂದು ತೆಗೆದಾಗ ಮಾತ್ರ ನಾನು ಹೊರಗೆ. ಹನ್ನೊಂದು ತಿಂಗಳು ಹಾಗಿದ್ದೆ. ಈಗ ಯಲಹಂಕದಲ್ಲಿ ಅಮ್ಮನ ಮನೇಲಿದೀನಿ. ಮಗು ನನ್ನ ಹತ್ರಾನೇ ಇರ್ಬೇಕು, ಊರು ಬಿಟ್ಟು ಕರ್ಕೊಂಡು ಹೋಗ್ಬಾರ್ದು ಅಂತ ಕೋರ್ಟ್ ಹೇಳಿದೆ."

"ಮಗು ಪಾಸ್‌ಪೋರ್ಟ್ ಎಲ್ಲಿದೆ?"

"ಬೀರುವಿನಲ್ಲಿ. ಅಮ್ಮನ ರೇಷ್ಮೆ ಸೀರೆ ಕೆಳಗೆ."

"ಮೇಡಂ," ಶ್ರೀಕಾಂತ್ ತಡೆದ. ಅವನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿ ಬಂತು. "ಭಾವ ಸಾವಿರಾರು ಮೈಲಿ ಆಚೆ ಇದಾರೆ. ಅದೆಲ್ಲ ಈಗ ಯಾಕೆ? ಕಳ್ಳ ಇಲ್ಲೇ ಕೂತಿದಾನೆ. ಜೇಬಲ್ಲಿ ಕ್ಲಿಪ್ ಸಿಕ್ಕಿದೆ. ಊಟದ ಕಥೆ ಕಟ್ತಿದಾನೆ. ಇವರ ಕೂಟ ಇರುತ್ತೆ, ಮಕ್ಕಳನ್ನ ಸಾಗ್ಸೋರು!"

"ಖಂಡಿತ ಕೇಳ್ತೀನಿ ಅವನ್ನ," ಎಂದರು ಪ್ರತಿಭಾ. "ಆ ಫೋಟೋ ಸ್ವಲ್ಪ ಕೊಡಿ. ನಿಮ್ಮ ಹೇಳಿಕೆ ಜೊತೆಗೆ ಇರ್ಲಿ."

*

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಅವನನ್ನು ಕೂರಿಸಿದ್ದರು. ಕಿವಿಯೊಳಗೆ ಜೀರುಂಡೆಯಂಥ ಸದ್ದು. ಹೊರಗೆ ಗರುಡ ಇಳಿಯುವಾಗ ಎಲ್ಲರೂ ಒಟ್ಟಿಗೆ ಕಿರುಚುವುದು ಎರಡೆರಡು ನಿಮಿಷಕ್ಕೊಮ್ಮೆ ಕೇಳುತ್ತಿತ್ತು. ಸುದ್ದಿ ಟಿ.ವಿ.ಗೆ ಹೋದರೆ? ಮಗಳ ಶಾಲೆಯಲ್ಲಿ ಗೊತ್ತಾದರೆ? ತಪ್ಪು ಮಾಡಿಲ್ಲವೆಂದು ನಾಳೆ ಸಾಬೀತಾದರೂ, ಮಕ್ಕಳನ್ನು ಮುಟ್ಟುವವನೆಂಬ ಮಾತು ಒಮ್ಮೆ ಅಂಟಿದರೆ ತೊಳೆಯುವ ನೀರು ಯಾವ ಕೆರೆಯಲ್ಲಿದೆ?

ಪ್ರತಿಭಾ ಬಂದು ಎದುರು ಸ್ಟೂಲಿನ ಮೇಲೆ ಕುಳಿತರು. ಹಿಂದೆ ಮೊಯಿನುದ್ದೀನ್ ನಿಂತರು.

"ಎಲ್ಲಿಯಂವಾ ನೀ?"

ಆ ಮಾತಿನ ಧಾಟಿ ಕೇಳಿ ಅವನು ತಲೆಯೆತ್ತಿದ. "ಬಾದಾಮಿ ಕಡೀರೀ."

"ನಾ ಹಾವೇರಿಯಾಕಿ. ಹಂಗಂತ ಬಿಡ್ತೀನಿ ಅಂತ ತಿಳೀಬ್ಯಾಡ. ಕೇಳಿದ್ದಕ್ಕ ಖರೇ ಹೇಳು."

"ಹೇಳ್ತೀನ್ರೀ."

"ಕ್ಲಿಪ್ಪು ನೀನಾಗೇ ತಂದು ಕೊಟ್ಟಿ?"

"ಹೌದ್ರೀ."

"ಯಾಕ? ಸುಮ್ನ ಒಗದಿದ್ರ ಯಾರಿಗೂ ತಿಳೀತಿರ್ಲಿಲ್ಲ."

"ಆಕಿದು ಅದರೀ ಅದು. ಕೊಡಬೇಕಲ್ರೀ."

ಪ್ರತಿಭಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಹುಡುಗಿ ಜೋಡಿ ಬಂದವ್ರೊಳಗ ಯಾರ್ಯಾರು ಗರುಡ ಹತ್ತಿದ್ರು?"

"ಆಕಿ ಮಾವ ಒಬ್ಬರ ಸಾಲಿಗೆ ಬಂದ್ರು. ಒಂದು ನಲವತ್ತಕ್ಕ."

"ಎಷ್ಟು ಹೊತ್ತು ನಿಂದರಬೇಕಾಗಿತ್ತು?"

"ಬೋರ್ಡಿನ್ಯಾಗ ಎಂಬತ್ತು ಇತ್ರೀ."

"ಬೋರ್ಡಿನ್ಯಾಗ ಅಂದಿ. ಖರೇ ಎಷ್ಟು?"

ಸಿದ್ದಲಿಂಗ ಬಾಯಿ ತೆರೆದವನು ಮುಚ್ಚಿದ. ಮೊಯಿನುದ್ದೀನ್ ಸಣ್ಣಗೆ ಕೆಮ್ಮಿದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೊಟ್ಟಿದ್ದ ಎಚ್ಚರಿಕೆ ಅದು. ಹೊರಗೆ ಬಾಯಿ ಬಿಟ್ಟರೆ ಕೆಲಸವಿಲ್ಲ.

"ಹೇಳು."

"ಅರವತ್ತರೀ," ಎಂದುಬಿಟ್ಟ. "ಬೋರ್ಡಿಗೆ ಯಾವಾಗ್ಲೂ ಇಪ್ಪತ್ತು ಕೂಡಿಸಿ ಹಾಕ್ತೀವ್ರೀ. ಎಂಬತ್ತು ಅಂತ ನಿಂತವ್ರಿಗೆ ಅರವತ್ತಕ್ಕ ಸಿಕ್ರ ಖುಷಿ ಆಕ್ಕಾರ. ಅರವತ್ತು ಅಂತ ಹಾಕಿ ಅರವತ್ತೈದಾದ್ರ ಜಗಳ ತಗೀತಾರ. ಮತ್ತ ದೊಡ್ಡ ನಂಬರ್ ನೋಡಿದ್ರ ಫಾಸ್ಟ್ ಬ್ಯಾಂಡೂ ಜಾಸ್ತಿ ಹೋಗ್ತಾವ್ರೀ."

"ಎಲ್ಲಾ ಪಾರ್ಕಲ್ಲೂ ಇರೋದೇ ಮೇಡಂ," ಎಂದು ಮೊಯಿನುದ್ದೀನ್ ಗೊಣಗಿದರು.

ಪ್ರತಿಭಾ ಕೈಯೆತ್ತಿ ಸುಮ್ಮನಿರಿಸಿದರು. ಮೊದಲ ಬಾರಿಗೆ ಅವರ ಮುಖದಲ್ಲಿ ಅವಸರ ಕಂಡಿತು. "ಇವತ್ತು ಗರುಡ ಎಲ್ಲೆರೆ ನಿಂತಿತ್ತಾ? ಕೆಟ್ಟಿತ್ತಾ?"

"ಇಲ್ರೀ. ಒಂದು ನಿಮಿಷನೂ ನಿಂತಿಲ್ಲ."

"ಸಾಲಿನ ನಡುವ ಹೊರಗ ಬರಾಕ ದಾರಿ ಐತೇನು?"

"ಐತ್ರೀ. ಅರ್ಧಕ್ಕ ಅಂಜಿದವ್ರಿಗೆ, ಬಾತ್‌ರೂಮಿಗೆ ಹೋಗವ್ರಿಗೆ ಒಂದು ಸಣ್ಣ ಗೇಟ್. ನಾವು ಪುಕ್ಕಲರ ಬಾಗಿಲಾ ಅಂತೀವ್ರೀ."

"ಕ್ಯಾಮೆರಾ?"

"ಅಲ್ಲಿಲ್ರೀ."

ಪ್ರತಿಭಾ ಎದ್ದರು. "ಬ್ಯಾಟರಾಯಪ್ಪ, ಗರುಡನ ಫೋಟೋ ಕೌಂಟರಿಗೆ ಹೋಗಿ. ಎರಡೂವರೆಯಿಂದ ಮೂರೂ ಕಾಲರ ತನಕ ತೆಗೆದಿರೋದೆಲ್ಲ ಬೇಕು."

"ಇಂಗೋಗಿ ಅಂಗ್ ಬತ್ತೀನಿ ಮೇಡಂ."

"ಮ್ಯಾನೇಜರ್, ಆ ಮನೆಯವರ ನಾಲ್ಕೂ ಬ್ಯಾಂಡಿನ ವಿವರ ತೆಗೀರಿ."

"ಶ್ರೀಕಾಂತ್ ಅವರದ್ದು ಆಗ್ಲೇ ನೋಡಿದೆ ಮೇಡಂ. ಮೂರೂ ಬೆಳಿಗ್ಗೆನೇ—"

"ನಾಲ್ಕೂ ಅಂದೆ."

ಬಾಗಿಲ ಹೊರಗೆ ನಿಂತು ಅವರು ಯಾರಿಗೋ ಫೋನ್ ಮಾಡಿದರು. ತಗ್ಗಿದ ದನಿ. ಸಿದ್ದಲಿಂಗನಿಗೆ ಒಂದೇ ಮಾತು ಕೇಳಿಸಿತು. "ಎಷ್ಟು ಗಂಟೆಗೆ ಹೊರಡುತ್ತೆ?"

*

ನಾಲ್ಕು ಹತ್ತು. ಆಫೀಸಿನಲ್ಲಿ ಎಲ್ಲರೂ ಸೇರಿದ್ದರು. ಸಿದ್ದಲಿಂಗನನ್ನೂ ಕರೆತಂದು ಬಾಗಿಲ ಬಳಿ ನಿಲ್ಲಿಸಿದರು. ಚಿತ್ರಾ ಅವನತ್ತ ನೋಡಲಿಲ್ಲ.

"ಒಪ್ಕೊಂಡ್ನಾ ಮೇಡಂ?" ಎಂದ ಶ್ರೀಕಾಂತ್.

"ಮುಗೀತಾ ಬಂತು. ನಿಮ್ಮ ಹೇಳಿಕೆ ಬರ್ಕೊಂಡ್ಬಿಡ್ತೀನಿ. ಸಾಲಿಗೆ ಎಷ್ಟು ಗಂಟೆಗೆ ಸೇರಿದ್ರಿ?"

"ಒಂದು ನಲವತ್ತು. ಕ್ಯಾಮೆರಾದಲ್ಲೂ ಇದ್ಯಲ್ಲ."

"ಎಷ್ಟು ಹೊತ್ತು ನಿಂತ್ರಿ?"

"ಎಂಬತ್ತು ನಿಮಿಷ. ಕಾಲೆಲ್ಲ ಸೋತೋಯ್ತು."

"ಮಧ್ಯೆ ಎಲ್ಲೂ ಹೋಗಿಲ್ಲ?"

"ಹೋದ್ರೆ ಜಾಗ ಬಿಡ್ತಾರಾ ಮೇಡಂ?"

"ನಿಮ್ಮ ಹಿಂದೆ ಯಾರಿದ್ರು, ನೆನಪಿದ್ಯಾ?"

"ಕಾಲೇಜ್ ಹುಡುಗ್ರು. ಕೆಂಪು ಟೀ ಶರ್ಟು. ಒಂದೇ ಗಲಾಟೆ."

"ಕೊನೇ ತನಕ ಹಿಂದೇನೇ ಇದ್ರಾ?"

"ಹೌದು. ನನ್ನ ಬೆನ್ನಿಗೇ ಅಂಟ್ಕೊಂಡಿದ್ರು."

ಪ್ರತಿಭಾ ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಗರುಡನ ಬೆನ್ನ ಮೇಲೆ ಎಂಟು ಕೆಂಪು ಟೀ ಶರ್ಟುಗಳು, ಎಂಟು ತೆರೆದ ಬಾಯಿಗಳು. ಕೆಳಗೆ ಸಮಯ ಎರಡು ನಲವತ್ತೊಂದು. ಪಕ್ಕಕ್ಕೆ ಶ್ರೀಕಾಂತನ ಫೋಟೋ ಇಟ್ಟರು. ಮೂರು ಗಂಟೆ ಎರಡು.

"ನಿಮ್ಮ ಬೆನ್ನಿಗೆ ಅಂಟಿಕೊಂಡಿದ್ದವರು ನಿಮಗಿಂತ ಇಪ್ಪತ್ತೊಂದು ನಿಮಿಷ ಮೊದಲೇ ಹೇಗೆ ಹಾರಿದ್ರು?"

ಶ್ರೀಕಾಂತ್ ಎರಡೂ ಫೋಟೋ ನೋಡಿದ. ನಕ್ಕ. ನಗು ಸರಿಯಾಗಿ ಬರಲಿಲ್ಲ. "ಓ... ಹೌದು. ಒಂದ್ಸಲ ಬಾತ್‌ರೂಮಿಗೆ ಹೋಗಿದ್ದೆ. ಮತ್ತೆ ಬಂದು ಕೊನೇಲಿ ನಿಂತೆ. ಈ ಗಾಬರೀಲಿ ಮರ್ತೇಬಿಟ್ಟೆ."

"ಸಾಲಿನ ಬಾಯಲ್ಲಿ ಕ್ಯಾಮೆರಾ ಇದೆ. ನೀವು ಎರಡನೇ ಸಲ ಅಲ್ಲಿ ಬಂದಿಲ್ಲ. ಇರ್ಲಿ, ಅದನ್ನೂ ಬಿಡೋಣ." ಅವರು ಬಾಗಿಲ ಕಡೆ ತಿರುಗಿದರು. "ಸಿದ್ದಲಿಂಗ, ಇಲ್ಲಿ ಬಾ. ಈ ಫೋಟೋ ನೋಡು. ಮುಖ ನೋಡಬ್ಯಾಡ. ಎಲ್ಲಿ ಕುಂತಾನ ನೋಡು."

ಸಿದ್ದಲಿಂಗ ಬಗ್ಗಿ ನೋಡಿದ. ಒಂದು ಗಂಟೆಯ ಹಿಂದೆ ತನ್ನ ಕಾಲ ಬಳಿಯೇ ಬಿದ್ದಿದ್ದ ಫೋಟೋ! ಮೂರು ವರ್ಷ ಅದೇ ಕೆಲಸ ಮಾಡಿದವನು ತಾನೂ ಮುಖವನ್ನೂ ಗಂಟೆಯನ್ನೂ ಮಾತ್ರ ನೋಡಿದ್ದ.

"ಮುಂದಿನ ಸೀಟಿನ್ಯಾಗ ಅದಾರ್ರೀ. ಕೊಕ್ಕಿನ ಹಿಂದ."

"ಅಲ್ಲಿ ಯಾರು ಕುಂದರ್ತಾರ?"

"ಫಾಸ್ಟ್ ಬ್ಯಾಂಡಿನವ್ರ ಅಷ್ಟರೀ. ಮುಂದಿನ ನಾಲ್ಕು ಸೀಟು ನೀಲಿ ಕಮಾನಿನಿಂದ ಬಂದವ್ರಿಗೆ. ಸಾಲಿನವ್ರಿಗೆ ಅಲ್ಲಿಗೆ ಹೋಗಾಕ ಗೇಟ ತೆರಿಯೂದಿಲ್ರೀ."

"ನನ್ನ ಬ್ಯಾಂಡ್ ಮುಗಿದಿತ್ತು!" ಶ್ರೀಕಾಂತನ ದನಿ ಏರಿತು. "ಮ್ಯಾನೇಜರ್‌ನೇ ಕೇಳಿ, ಮೂರೂ ಮುಗಿದಿತ್ತು!"

"ನಿಮ್ಮದು ಮುಗಿದಿತ್ತು," ಎಂದರು ಪ್ರತಿಭಾ. ಆಮೇಲೆ ಅಲಮೇಲಮ್ಮನ ಮುಂದೆ ಬಗ್ಗಿದರು. "ಅಮ್ಮಾ, ನೀವು ಇವತ್ತು ಗರುಡ ಹತ್ತಿದ್ರಾ?"

ಅರವತ್ತೆಂಟರ ಅಲಮೇಲಮ್ಮ ಬೆರಗಾಗಿ ಕಣ್ಣು ತೆರೆದರು. "ನಾನಾ? ನನಗೆ ಮೆಟ್ಟಿಲು ಹತ್ತಿದ್ರೇ ತಲೆ ಸುತ್ತತ್ತಮ್ಮ. ಬೆಳಿಗ್ಗೆಯಿಂದ ಆ ಮರದ ಬುಡ ಬಿಟ್ಟು ಎದ್ದಿಲ್ಲ."

"ನಿಮ್ಮ ಕೈಪಟ್ಟಿ ಎಲ್ಲಿ?"

"ಕೈ ಕೆರೆಯಕ್ಕೆ ಶುರುವಾಯ್ತು ಅಂತ ಬಿಚ್ಚಿ..." ಅವರು ಮಾತು ನಿಲ್ಲಿಸಿ ಮಗನ ಕಡೆ ನೋಡಿದರು. "ಶ್ರೀಕಾಂತಾ, ನಿನ್ನ ಕೈಲಿ ಕೊಟ್ನಲ್ಲೋ."



"ಅಲಮೇಲು ಅನ್ನೋ ಹೆಸರಿನ ಪಟ್ಟಿಗೆ ಒಂದು ಮೂವತ್ತೈದಕ್ಕೆ ಗರುಡದ ಸಮಯ ಕೇಳಿದ್ದಾರೆ," ಎಂದರು ಪ್ರತಿಭಾ. "ಎರಡು ಐವತ್ತೆರಡಕ್ಕೆ ಆ ಪಟ್ಟಿ ನೀಲಿ ಕಮಾನು ದಾಟಿದೆ. ಆ ಕಮಾನಿಗೂ ಕ್ಯಾಮೆರಾ ಇದೆ. ಆದ್ರೆ ನೀವು ಸಾಲಲ್ಲಿದ್ದೆ ಅಂದ್ರಿ, ಬೋರ್ಡು ಎಂಬತ್ತು ಅಂತು, ಫೋಟೋ ಸಮಯ ಅದಕ್ಕೆ ಹೊಂದಿತು. ಯಾರೂ ಅತ್ತ ತಿರುಗಲೇ ಇಲ್ಲ. ನೀವು ಸಾಲಿಗೆ ಸೇರಿ, ಪುಕ್ಕಲರ ಬಾಗಿಲಿಂದ ಹೊರಬಿದ್ದಿರಿ. ಬೋರ್ಡಿನ ಲೆಕ್ಕಕ್ಕೆ ಸರಿಯಾಗಿ ವಾಪಸ್ ಬಂದ್ರಿ. ನಿಜವಾಗಿ ನಿಂತಿದ್ರೆ ಇಪ್ಪತ್ತು ನಿಮಿಷ ಮೊದಲೇ ಮೇಲಿರ್ತಿದ್ರಿ. ಸಾಲಲ್ಲಿ ನಿಂತವರಿಗೆಲ್ಲ ಅದು ಗೊತ್ತಾಯ್ತು. ನಿಲ್ಲದ ನಿಮಗೆ ಮಾತ್ರ ಗೊತ್ತಾಗ್ಲಿಲ್ಲ."

"ಶ್ರೀಕಾಂತ್..." ಚಿತ್ರಾ ತಮ್ಮನತ್ತ ತಿರುಗಿದಳು. "ಏನೋ ಇದು?"

"ಇನ್ನೂರು ಜನರ ನಡುವೆ ಮಗು ಅಳದೆ ಯಾಕೆ ಹೋಯ್ತು? ಕರೆದವರು ಮಾಮ. ಅದಕ್ಕೇ." ಪ್ರತಿಭಾ ಅವನ ಹತ್ತಿರ ಬಂದರು. "ಯಾರ ಕೈಗೆ ಕೊಟ್ರಿ?"

ಅವನ ಕಣ್ಣು ಮತ್ತೆ ಗಡಿಯಾರಕ್ಕೆ ಹೋಯಿತು.

"ಗಡಿಯಾರ ಎಷ್ಟು ಸಲ ನೋಡ್ತೀರಿ? ಮಸ್ಕತ್ ವಿಮಾನ ಐದು ಇಪ್ಪತ್ತಕ್ಕೆ. ಇಲ್ಲಿಂದ ಏರ್‌ಪೋರ್ಟ್ ಕಾಲು ಗಂಟೆ ದಾರಿ. ನಾನು ಆಗ್ಲೇ ಹೇಳಿ ಕಳ್ಸಿದೀನಿ. ಈಗ ನೀವು ಹೇಳಿದ್ರೆ ಹುಡುಕೋದು ಸುಲಭ. ಇಲ್ಲದಿದ್ರೆ ಮುಂದೆ ನಿಮಗೇ ಕಷ್ಟ."

ಶ್ರೀಕಾಂತ್ ಕುರ್ಚಿಯಲ್ಲಿ ಕುಸಿದ. ಕೆದರಿದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದ.

"ಭಾವನ ಅಕ್ಕ ಒಳಗೆ ಬಂದಿದ್ರು. ನೀಲಿ ರೇನ್‌ಕೋಟ್ ಹಾಕ್ಸಿ ಕರ್ಕೊಂಡು ಹೋದ್ರು. ಪಾರ್ಕಿಂಗಲ್ಲಿ ಭಾವ ಕಾಯ್ತಿದ್ರು. ನಿನ್ನೆ ರಾತ್ರಿ ಬಂದಿಳಿದ್ರು." ಅವನು ತಲೆಯೆತ್ತದೆ ಹೇಳಿದ. "ಅವರ ಮಗು ಅದು. ಅವರೇನು ಕೊಂದುಹಾಕ್ತಾರಾ?"

"ಪಾಸ್‌ಪೋರ್ಟ್?"

"ಶುಕ್ರವಾರ ತೆಗೆದೆ."

ಚಿತ್ರಾ ಅವನ ಮುಂದೆ ಬಂದು ನಿಂತಳು. "ಯಾಕೋ?"

"ಯಾಕಾ?" ಅವನು ಸಿಡಿದ. "ಮೂರು ಕಡೆ ಹುಡುಗಿ ನೋಡಾಯ್ತು ಅಕ್ಕಾ. ಮೂರೂ ಕಡೆ ಕಾಫಿ ಕೊಟ್ಟು ಅದೇ ಪ್ರಶ್ನೆ. ನಿಮ್ಮಕ್ಕ ಗಂಡನ್ನ ಬಿಟ್ಟು ಬಂದಿದಾರಂತೆ ಹೌದಾ? ಎಷ್ಟು ದಿನ ಇರ್ತಾರೆ? ಎರಡು ವರ್ಷ ನಾನು ಕಾದೆ. ನೀನು ಹೋಗೋ ಥರ ಕಾಣ್ಲಿಲ್ಲ. ಮಗು ಅಲ್ಲಿದ್ರೆ ನೀನೂ ಹಿಂದೇನೇ ಹೋಗ್ತೀಯ, ಎಲ್ಲಾ ಸರಿಹೋಗತ್ತೆ ಅಂದ್ಕೊಂಡೆ. ನಿನ್ನ ಒಳ್ಳೇದಕ್ಕೂ ಹೌದು ಕಣೇ."

"ಅವರು ಬಾಗಿಲಿಗೆ ಬೀಗ ಹಾಕ್ತಿದ್ದದ್ದು ನಿನಗೆ ಗೊತ್ತಿತ್ತಲ್ಲೋ."



ಆಮೇಲಿನ ಏಳು ನಿಮಿಷ ಸಿದ್ದಲಿಂಗನಿಗೆ ಜೀವಮಾನದಲ್ಲಿ ಮರೆಯಲಾಗದ್ದು. ಪ್ರತಿಭಾ ಫೋನನ್ನು ಮೇ‌ಜಿನ ನಡುವೆ ಇಟ್ಟಿದ್ದರು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಒಂದು ಸಲ ಬೆಳಕು ಹತ್ತಿತು. ಯಾವುದೋ ಜಾಹೀರಾತು.

ಫೋನು ಬಡಿದುಕೊಂಡಿತು.

"ಹೇಳಿ... ಹೌದು... ಎಲ್ಲಿ?... ಇಬ್ಬರೂ?" ಪ್ರತಿಭಾ ಕಣ್ಣು ಮುಚ್ಚಿ ತೆರೆದರು. "ಸಿಕ್ಕಿದಾಳೆ. ಪಾಸ್‌ಪೋರ್ಟ್ ತಪಾಸಣೆ ಹತ್ರ ತಡೆದಿದ್ದಾರೆ. ಅಪ್ಪನ ಹೆಗಲ ಮೇಲೆ ನಿದ್ದೆ ಮಾಡ್ತಿದ್ಲಂತೆ. ಈಗ ಎದ್ದು ನೀವು ಬೇಕು ಅಂತಿದಾಳೆ."

ಚಿತ್ರಾ ನಿಂತಲ್ಲೇ ಕುಸಿದು ಕುಳಿತಳು. ಸಿದ್ದಲಿಂಗ ನೀರಿನ ಬಾಟಲಿ ತಂದು ಅವಳ ಪಕ್ಕದಲ್ಲಿಟ್ಟು ಹಿಂದೆ ಸರಿದ. ಅವಳು ಅವನ ಊದಿದ ಕೆನ್ನೆಯನ್ನು ಆಗ ನೋಡಿದಳು. ಎರಡೂ ಕೈ ಜೋಡಿಸಿದಳು.

"ಇರ್ಲಿ ಬಿಡ್ರೀ ಅಕ್ಕಾರ," ಎಂದ ಅವನು. "ಹುಡುಗಿ ಸಿಕ್ಳಲ್ಲ."

ಬ್ಯಾಟರಾಯಪ್ಪ ಕಾಗದ ಹರಡಿದ. ಪ್ರತಿಭಾ ಚಿತ್ರಾಳ ಎದುರು ಕುಳಿತರು. "ದೂರು ನೀವು ಕೊಡ್ಬೇಕು. ಮೂರು ಹೆಸರು ಬರತ್ತೆ. ಗಂಡ, ಅವರಕ್ಕ, ನಿಮ್ಮ ತಮ್ಮ. ಯೋಚ್ನೆ ಮಾಡಿ ಹೇಳಿ."

"ಅಮ್ಮಾ, ನೀನಾದ್ರೂ ಹೇಳೇ ಅವಳಿಗೆ," ಎಂದ ಶ್ರೀಕಾಂತ್. ದನಿಯಲ್ಲಿ ಈಗ ಅಳುವಿತ್ತು. "ಮಗು ಸಿಕ್ತಲ್ಲ. ಮನೆ ವಿಷಯ ಮನೇಲೇ ಇರ್ಲಿ ಅಂತ ಹೇಳೇ. ಕೇಸ್ ಆದ್ರೆ ನನ್ನ ಗತಿ ಏನು? ಒಬ್ಬನೇ ಮಗ ಕಣೇ ನಾನು ನಿನಗೆ."

ಅಲಮೇಲಮ್ಮ ಮಗನನ್ನು ನೋಡಿದರು. ಚಿತ್ರಾ ಪೆನ್ನು ಹಿಡಿದಳು. ಅವಳೂ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಅಲಮೇಲಮ್ಮ ಕುರ್ಚಿಯ ಕೈ ಹಿಡಿದು ಎದ್ದರು. ಮೇಜಿನ ಬಳಿ ಬಂದು ಮಗಳ ಭುಜದ ಮೇಲೆ ಕೈಯಿಟ್ಟರು.

"ನೀನು ಹಾಕಮ್ಮ," ಎಂದರು. ಚಿತ್ರಾ ಸಹಿ ಹಾಕಿದಳು. ಆಮೇಲೆ ಅವರು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಪ್ರತಿಭಾ ಅವರತ್ತ ತಿರುಗಿದರು.

"ಸಾಕ್ಷಿ ಸಹಿ ಎಲ್ಲಿ ಹಾಕ್ಬೇಕು, ತೋರ್ಸಿ."